ಗಪ್ಪಿ ತೊಟ್ಟಿಯಲ್ಲಿರಲಿ, ಹಳ್ಳಕ್ಕೆ ಬೇಡ

ಸಿಮೆಂಟ್ ತೊಟ್ಟಿ, ಕೃಷಿ ಹೊಂಡ ಇರುವ ತೋಟಗಳಲ್ಲಿ ಈಗ ಗಪ್ಪಿ ಮೀನು ಮಾಮೂಲು. ಸೊಳ್ಳೆ ಮರಿ ತಿನ್ನುತ್ತೆ ಅಂತ ಆರೋಗ್ಯ ಇಲಾಖೆಯವರೂ ಬಿಡ್ತಾರೆ, ಬಣ್ಣದ ತಳಿ ಸಾಕಿ ನಾಲ್ಕು ಕಾಸು ನೋಡುವ ಹುಡುಗರೂ ಇದ್ದಾರೆ. ಒಳ್ಳೇದೇ. ನನ್ನ ತಕರಾರು ಒಂದೇ ಮಾತಿಗೆ: "ಮೀನಿಗೇನು ಬುದ್ಧಿ, ಗಂಡು ಹೆಣ್ಣು ಸೇರಿಸಿದ್ರೆ ಆಯ್ತು, ಜಾಸ್ತಿಯಾದದ್ದನ್ನ ಹಳ್ಳಕ್ಕೆ ಸುರಿ."

ಬುದ್ಧಿ ಇಲ್ಲ ಅನ್ನೋದು ಸುಳ್ಳು. ಗಪ್ಪಿಯ ತವರಾದ ಟ್ರಿನಿಡಾಡ್ ದ್ವೀಪದ ಕೆಲವು ಕಡೆ ಅದರ ದಾಯಾದಿ ಪೊಯಿಸಿಲಿಯಾ ಪಿಕ್ಟಾ ಎಂಬ ಮೀನೂ ಇದೆ. ಎರಡರ ಹೆಣ್ಣುಗಳೂ ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ಆನ್ ಮಗುರನ್ ಮತ್ತು ಇಂದರ್ ರಾಮ್‌ನರೈನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ ನೋಡಿ. ಪಿಕ್ಟಾ ಜೊತೆ ಬದುಕುವ ಕಡೆಯ ಗಂಡು ಗಪ್ಪಿ ತನ್ನ ಜಾತಿಯ ಹೆಣ್ಣನ್ನೇ ಹುಡುಕಿತು. ಪಿಕ್ಟಾ ಇಲ್ಲದ ಕಡೆಯ ಗಂಡಿಗೆ ಮೊದಮೊದಲು ವ್ಯತ್ಯಾಸವೇ ತಿಳಿಯಲಿಲ್ಲ, ಎರಡರ ಹಿಂದೆಯೂ ಸುತ್ತಿತು. ಒಟ್ಟಿಗೆ ಬಿಟ್ಟ ಕೆಲವೇ ದಿನಗಳಲ್ಲಿ ಕಲಿತುಕೊಂಡಿತು. ಅಂದರೆ ಈ ಆಯ್ಕೆ ಪೂರಾ ಹುಟ್ಟಿನಿಂದ ಬಂದದ್ದಲ್ಲ, ಪಟ್ಟ ಅನುಭವದ್ದೂ ಪಾಲಿದೆ.

ಗಂಡಿಗೆ ಬೇರೆ ಲೆಕ್ಕಾಚಾರಗಳೂ ಇವೆ. ದಪ್ಪ ಹೆಣ್ಣು ಹೆಚ್ಚು ಮರಿ ಹಾಕುತ್ತೆ, ಅದರ ಕಡೆ ಒಲವು ಜಾಸ್ತಿ. ನೋಡಿ ನೋಡಿ ಹಳೆಯದಾದ ಹೆಣ್ಣಿಗಿಂತ ಹೊಸಬಳ ಕಡೆ ಹೆಚ್ಚು ತಿರುಗುತ್ತೆ (ಮನುಷ್ಯರ ಬಗ್ಗೆ ನಾನೇನೂ ಹೇಳ್ತಿಲ್ಲಪ್ಪ). ತಳಿ ಮಾಡುವವರು ಅದೇ ನಾಲ್ಕು ಮೀನನ್ನು ವರ್ಷಗಟ್ಟಲೆ ಒಂದೇ ತೊಟ್ಟಿಯಲ್ಲಿ ಕೂಡಿಹಾಕುವ ಬದಲು ಆಗಾಗ ಅದಲುಬದಲು ಮಾಡೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಹೆಣ್ಣಿನ ಹಿಂದಿನ ಕಥೆ ಇನ್ನೂ ಮುಖ್ಯ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತೆ. ಅಂಗಡಿಯವರು 'ಜೋಡಿ' ಅಂತ ಕೊಟ್ಟರೂ ಮೊದಲ ಮರಿಗಳು ನೀವು ದುಡ್ಡು ಕೊಟ್ಟ ಗಂಡಿನವೇ ಅಂತ ನಂಬಬೇಡಿ. ತಳಿ ಶುದ್ಧವಾಗಿ ಬೇಕಿದ್ದರೆ ಮರಿಗಳನ್ನು ಬೇಗ ಬೇರ್ಪಡಿಸಿ. ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯ ಹಾಗೆ ಚೂಪಾಗತೊಡಗುತ್ತೆ, ಅದೇ ಗುರುತು.

ಹಳ್ಳಕ್ಕೆ ಬೇಡ ಅನ್ನೋದಕ್ಕೂ ಇದೇ ಕಾರಣ: ಒಂದೇ ಒಂದು ಗಬ್ಬದ ಹೆಣ್ಣು ಹರಿದುಹೋದರೂ ಸಂತಾನ ಶುರು. ಮೆಕ್ಸಿಕೋದಲ್ಲಿ ಹೊರಗಿನಿಂದ ಬಂದ ಗಂಡು ಗಪ್ಪಿಗಳು ಅಲ್ಲಿನ ಅಳಿವಿನಂಚಿನ ಸ್ಕಿಫಿಯಾ ಮೀನಿನ ಹೆಣ್ಣುಗಳನ್ನು, ತಮ್ಮ ಜಾತಿಯ ಹೆಣ್ಣುಗಳು ಪಕ್ಕದಲ್ಲೇ ಇದ್ದರೂ, ಬೆನ್ನುಹತ್ತಿ ಕಾಡುತ್ತವೆ ಅಂತ 2008ರಲ್ಲಿ ವರದಿಯಾಯಿತು. ಕಲಿಯುವ ಶಕ್ತಿ ಇದೆ ಅಂದಮಾತ್ರಕ್ಕೆ ಎಲ್ಲಾ ಕಡೆ ಸರಿದಾರಿಗೆ ಬರುತ್ತವೆ ಅಂತಿಲ್ಲ. ಸ್ಕಿಫಿಯಾ ಕೂಡ ಗಪ್ಪಿಯಂತೆ ಮರಿ ಹಾಕುವ ಮೀನು. ನಮ್ಮ ಹಳ್ಳದ ಮೀನುಗಳು ಬಹುತೇಕ ಮೊಟ್ಟೆ ಇಡುವಂಥವು, ಹಾಗಾಗಿ ಇಲ್ಲೂ ಅದೇ ಆಗುತ್ತೆ ಅನ್ನಲ್ಲ. ಆದರೆ ಮೇವಿಗೆ, ಜಾಗಕ್ಕೆ ಪೈಪೋಟಿ ಇದ್ದೇ ಇದೆ, ಸೇರಿಕೊಂಡ ಮೇಲೆ ವಾಪಸ್ ಹಿಡಿಯೋಕಾಗಲ್ಲ.

ಮಳೆಗಾಲಕ್ಕೆ ಮುಂಚೆ ಹೊಂಡದ ಕೋಡಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಕಸ ಸಿಕ್ಕಿಕೊಂಡರೆ ತೆಗೀತಾ ಇರಿ. ಹೆಚ್ಚಾದ ಮೀನನ್ನು ಪಕ್ಕದ ಮನೆಯವರ ತೊಟ್ಟಿಗೆ ಕೊಡಿ. ಹೊಂಡದ ನೀರು ನೇರ ಹಳ್ಳಕ್ಕೇ ಇಳಿಯುತ್ತೆ ಅನ್ನೋರು ಗಪ್ಪಿ ಬಿಟ್ಟು ನಮ್ಮದೇ ನೆಲದ ಪ್ಯಾಂಚಾಕ್ಸ್ ಹುಡುಕಿ. ಅದೂ ಸೊಳ್ಳೆ ಮರಿ ತಿನ್ನುತ್ತೆ.