ಯಂತ್ರದ ಲಾಭದಲ್ಲಿ ಕೂಲಿಯವನ ಪಾಲು

ಹುಳಿಯಾರು, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಉಂಡೆ ಕೊಬ್ಬರಿ ಎಂಬುದು ಕಾಲವೂ ಕೈಗಳೂ ಕೂಡಿ ಮಾಡುವ ಪದಾರ್ಥ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು-ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಬತ್ತಿ ತಿರುಳು ಚಿಪ್ಪನ್ನು ಬಿಟ್ಟ ಮೇಲೆ ಸುಲಿಯುವವರು ಬರಬೇಕು. ನೆಲಕ್ಕೆ ನೆಟ್ಟ ಕಬ್ಬಿಣದ ಕೋಲಿಗೆ ಕಾಯಿಯನ್ನು ಚುಚ್ಚಿ ಸಿಪ್ಪೆ ಬಿಡಿಸುವ ಆ ಕೆಲಸಕ್ಕೆ ಕೂಲಿ ದೊರೆಯುವುದು ಕಾಯಿಯ ಲೆಕ್ಕದಲ್ಲಿ. ಈಗ ಅಂಗಳಕ್ಕೆ ಸುಲಿಯುವ ಯಂತ್ರವೇ ಬರುತ್ತಿದೆ. ಹಲವು ಆಳುಗಳ ದಿನದ ದುಡಿಮೆಯನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ.

ಯಂತ್ರವನ್ನು ದೂಷಿಸುವುದು ನ್ಯಾಯವಲ್ಲ. ಬೆನ್ನು ಮುರಿಯುವ ದುಡಿಮೆಯಿಂದ ಮನುಷ್ಯ ಬಿಡುಗಡೆ ಹೊಂದುವುದು ಒಳ್ಳೆಯದೇ. ಆಳು ಸಿಗದೆ ಕಂಗೆಟ್ಟ ರೈತನ ಕಷ್ಟವೂ ಸುಳ್ಳಲ್ಲ. ಆದರೆ ಬಿಡುಗಡೆ ಹೊಂದಿದವನ ಒಲೆ ಉರಿಯುವುದು ಯಾವುದರಿಂದ? ಗಟ್ಟಿಮುಟ್ಟಾದ ಯುವಕರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಐವತ್ತು ದಾಟಿದವರು, ಮನೆ ಬಿಟ್ಟು ಹೋಗಲಾರದ ಹೆಂಗಸರು ಊರಿನಲ್ಲೇ ಉಳಿಯುತ್ತಾರೆ. ಯಂತ್ರ ಕಸಿದುಕೊಳ್ಳುವುದು ಇಂಥವರ ಕೂಲಿಯನ್ನೇ.

ಕೃಷಿ ಯಂತ್ರೋಪಕರಣ ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆ. ಅದು ಎಲ್ಲರ ತೆರಿಗೆಯ ಹಣ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ಅದಕ್ಕೆ ತನ್ನ ಪಾಲು ಸಲ್ಲಿಸಿದ್ದಾನೆ. ಯಂತ್ರಕ್ಕೆ ಕೊಟ್ಟರೆ 'ಪ್ರೋತ್ಸಾಹ', ಯಂತ್ರದಿಂದ ಕೆಲಸ ಕಳೆದುಕೊಂಡವನಿಗೆ ಕೊಟ್ಟರೆ 'ಬಿಟ್ಟಿ ಭಾಗ್ಯ'! ಇದೆಂತಹ ತಕ್ಕಡಿ?

ಪ್ರತಿಯೊಬ್ಬರಿಗೂ ಬದುಕಿನ ಆಧಾರವಾಗಿ ನಿಶ್ಚಿತ ಹಣವನ್ನು ಷರತ್ತಿಲ್ಲದೆ ನೀಡುವ 'ಸಾರ್ವತ್ರಿಕ ಮೂಲ ಆದಾಯ'ದ ವಿಚಾರ ಹಗಲುಗನಸೇನಲ್ಲ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು, ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿಯ ಲೆಕ್ಕ ಹಾಕಿತ್ತು. 2020ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು ಜಗದ್ಗುರು ಪೋಪ್ ಫ್ರಾನ್ಸಿಸರು ಜನಪರ ಚಳವಳಿಗಳಿಗೆ ಪತ್ರ ಬರೆದು, ಹಕ್ಕುಗಳ ರಕ್ಷಣೆಯಿಲ್ಲದೆ ದುಡಿಯುವವರಿಗಾಗಿ ಸಾರ್ವತ್ರಿಕ ಮೂಲ ವೇತನವನ್ನು ಆಲೋಚಿಸುವ ಕಾಲ ಬಂದಿರಬಹುದು ಎಂದರು.

'ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ' ಎಂಬುದು ಉಳ್ಳವರ ಹಳೆಯ ಮಾತು. ತೋಟದ ಆದಾಯವನ್ನು ಪಿತ್ರಾರ್ಜಿತವಾಗಿ ಪಡೆದವರ ಬಗ್ಗೆ ಈ ಆತಂಕ ನಮಗೇಕೆ ಇಲ್ಲ? ಮಧ್ಯಪ್ರದೇಶದಲ್ಲಿ 'ಸೇವಾ' ಸಂಘಟನೆ 2011-12ರಲ್ಲಿ ಯುನಿಸೆಫ್ ನೆರವಿನಿಂದ ಹಳ್ಳಿಗರಿಗೆ ಷರತ್ತಿಲ್ಲದೆ ಹಣ ಕೊಟ್ಟು ನೋಡಿತು. ವಯಸ್ಕರಿಗೆ ತಿಂಗಳಿಗೆ ಮೊದಲು 200, ಬಳಿಕ 300 ರೂಪಾಯಿ. ಜನ ಸೋಮಾರಿಗಳಾಗಲಿಲ್ಲ, ಅನೇಕರು ಕೂಲಿಯಿಂದ ಸ್ವಂತ ಬೇಸಾಯದತ್ತ ಹೊರಳಿದರು.

ನಮ್ಮಲ್ಲಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಪಡಿಸಿತು. ಕೆಲಸದ ಷರತ್ತಿಲ್ಲದೆ ಮನೆಮನೆಗೆ ಹಣ ತಲುಪಿಸಬಹುದೆಂದು ಅದು ತೋರಿಸಿದೆ. ಆದರೆ ಚುನಾವಣೆ ತಂದ ಯೋಜನೆಯನ್ನು ಮತ್ತೊಂದು ಚುನಾವಣೆ ಕೊಂಡೊಯ್ಯಬಹುದು. ಆದ್ದರಿಂದ ಮೂಲ ಆದಾಯವು ಪಕ್ಷಗಳ ಔದಾರ್ಯವಾಗದೆ ಕಾನೂನಿನ ಹಕ್ಕಾಗಬೇಕು.

ಯಂತ್ರ ಉಳಿಸಿಕೊಟ್ಟ ಕೂಲಿಯಲ್ಲಿ, ಅಷ್ಟು ವರ್ಷ ಕಾಯಿ ಸುಲಿದು ಅಟ್ಟ ಬರಿದು ಮಾಡಿಕೊಟ್ಟ ಕೈಗಳಿಗೂ ಪಾಲಿದೆ. ಆ ಪಾಲು ಭಿಕ್ಷೆಯಲ್ಲ, ಬಾಕಿ.