ನೆನಪು ತೂಗಲು ಮರ ಕಡಿಯಬೇಕೆ?

ಬೀದರ್ ನಗರದಲ್ಲಿಯೂ ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿಯೂ ಮೆಥಡಿಸ್ಟ್ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕೃಷಿಸಂಬಂಧಿ ಕೆಲಸದ ಮೇಲೆ ಮಲೆನಾಡಿನಿಂದ ಅಲ್ಲಿಗೆ ಹೋಗಿದ್ದಾಗ, ಬೀದರಿನ ಸ್ನೇಹಿತರೊಬ್ಬರ ಮನೆಯಲ್ಲಿ ಕ್ರಿಸ್‌ಮಸ್ ಮರದ ಅಲಂಕಾರವನ್ನು ಕಂಡೆ. ಮನೆಯ ಹಿರಿಯರು ತಗಡಿನ ಪೆಟ್ಟಿಗೆಯಿಂದ ಒಂದೊಂದೇ ವಸ್ತುವನ್ನು ತೆಗೆದು ಮೊಮ್ಮಕ್ಕಳ ಕೈಗೆ ಕೊಡುತ್ತಿದ್ದರು: ತೀರಿಹೋದ ಅಜ್ಜಿಯ ಸೀರೆಯಂಚಿನಿಂದ ಹೊಲಿದ ನಕ್ಷತ್ರ, ಔರಾದಿನ ಹೊಲದ ಒಣ ಜೋಳದ ತೆನೆ, ಬಿದರಿಯ ಪುಟ್ಟ ಪದಕ. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಹಾಗೂ ನವಸಾಗರದಿಂದ ಕಪ್ಪಾಗಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಪ್ರತಿಯೊಂದು ವಸ್ತುವಿಗೂ ಒಂದು ಕಥೆಯಿತ್ತು.

ಮರ ಮಾತ್ರ ಕಡಿದು ತಂದದ್ದಲ್ಲ. ಅಂಗಳದ ಕುಂಡದಲ್ಲಿ ಬೆಳೆದ ಗಿಡ ವರ್ಷಕ್ಕೊಮ್ಮೆ ಒಳಗೆ ಬಂದು, ಹಬ್ಬ ಮುಗಿದ ಬಳಿಕ ಅಂಗಳಕ್ಕೆ ಮರಳುತ್ತದೆ.

ಯುರೋಪಿನ ಫರ್, ಸ್ಪ್ರೂಸ್ ಮರಗಳು ನಮ್ಮ ಸೀಮೆಯವಲ್ಲ. ಆದ್ದರಿಂದಲೇ ಇಲ್ಲಿ ಎಳೆಯ ಗಾಳಿಮರದ ತುದಿಗೆ ಕತ್ತಿ ಬೀಳುತ್ತದೆ. ಇಲ್ಲವೇ ಪ್ಲಾಸ್ಟಿಕ್ ಮರ ಮನೆಗೆ ಬರುತ್ತದೆ. ತುದಿ ಕಳೆದುಕೊಂಡ ಸಸಿ ನೇರವಾಗಿ ಏಳುವುದು ಕಷ್ಟ; ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ. ಅದು ಈಗಾಗಲೇ ಮನೆಯಲ್ಲಿದ್ದರೆ ಎಸೆಯದೆ ವರ್ಷಗಟ್ಟಲೆ ಬಳಸುವುದೇ ಲೇಸು.

ಅಂಗಡಿಯ ಅರೌಕೇರಿಯಾವೇ ಬೇಕೆಂದಿಲ್ಲ. ಅದೂ ಪರದೇಶದ ಗಿಡ, ಕಾಡಿನಲ್ಲಿ ನೆಡತಕ್ಕದ್ದಲ್ಲ. ಕುಂಡದಲ್ಲಿ ಬೆಳೆಸಿದ ನೇರಳೆ, ಬೇವು ಸಾಕು. ಬೆಳೆದ ಮೇಲೆ ಅವನ್ನು ಚರ್ಚಿನ ಅಂಗಳದಲ್ಲೋ ಶಾಲೆಯ ಆವರಣದಲ್ಲೋ ನೆಡಬಹುದು.

ಕಾಡಿನಂಚಿನಲ್ಲಿ ಬಾಳುವ ನಮಗೆ ಕೊಂಬೆ ಕಡಿಯುವುದು ಬಲು ಸುಲಭ. ಆ ಸುಲಭವೇ ಅಪಾಯ. ಕ್ರಿಸ್‌ಮಸ್ಸಿಗಾಗಲಿ, ನಮ್ಮ ಬೇರೆ ಹಬ್ಬಗಳಿಗಾಗಲಿ ಈ ಮಾತು ಒಂದೇ. ಆ ಮನೆಯ ಮಕ್ಕಳು ವರ್ಷವಿಡೀ ಎದುರುನೋಡುವುದು ಮರವನ್ನಲ್ಲ, ಪೆಟ್ಟಿಗೆಯನ್ನು. ಪೆಟ್ಟಿಗೆಯನ್ನು ಕಾಪಾಡೋಣ, ಮರವನ್ನು ಬೆಳೆಯಗೊಡೋಣ.