ಗೊಗ್ಗವ್ವೆ ಕೇಳಿದ ಪ್ರಶ್ನೆ

ದೇಹದ ಕುರುಹು ಕಂಡು ಲೋಕವು ಹೆಣ್ಣು, ಗಂಡು ಎನ್ನುವುದು. ಒಳಗಿನ ಅರಿವಿಗೆ ಆ ಭೇದವುಂಟೆ? 12ನೆಯ ಶತಮಾನದಲ್ಲಿ ಹೀಗೆ ಕೇಳಿದವಳು ಧೂಪದ ಕಾಯಕದ ಗೊಗ್ಗವ್ವೆ. ಸತ್ಯಕ್ಕನದೂ ಇದೇ ದನಿ. ಅಕ್ಕಮಹಾದೇವಿ ಹೆಸರಿಗಷ್ಟೇ ತಾನು ಹೆಣ್ಣೆಂದಳು. ನಮ್ಮ ಸಾಹಿತ್ಯ ತರಗತಿಗಳೋ ಇವೆಲ್ಲವನ್ನೂ 'ಸ್ತ್ರೀ ಸಮಾನತೆ' ಎಂಬ ಐದು ಅಂಕದ ಉತ್ತರಕ್ಕೆ ಇಳಿಸಿ ಮುಂದೆ ಸಾಗುತ್ತವೆ.

ಚಳ್ಳಕೆರೆಯ ವಿದ್ಯಾರ್ಥಿನಿಯೊಬ್ಬಳು, "ಹೆಣ್ಣನ್ನೇ ಒಲಿದ ಹೆಣ್ಣುಗಳು ಹಿಂದೆ ಏನನ್ನೂ ಬರೆಯಲಿಲ್ಲವೆ?" ಎಂದು ನನ್ನನ್ನು ಕೇಳಿದಳು. ಕನ್ನಡ ಎಂ.ಎ. ಮಾಡಿದ ನಾನು ನಿರುತ್ತರನಾದೆ. ಹಾಗೆ ಹುಡುಕಿ ಓದುವುದನ್ನು ನನಗಾರೂ ಕಲಿಸಿರಲಿಲ್ಲ.

ಇಂದಿನ ಹೆಸರುಗಳನ್ನು ಶರಣೆಯರಿಗೆ ಅಂಟಿಸುವುದು ತಪ್ಪು, ಒಪ್ಪೋಣ. ಆದರೆ ನಾವು ಅಂಟಿಸಿರುವ 'ಆದರ್ಶ ಸತಿ' ಎಂಬ ಹೆಸರು ಸರಿಯೆ? ಸಲಿಂಗಪ್ರೇಮ ಅಪರಾಧವಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಪಾಠದ ಕೋಣೆ ಇನ್ನೂ ಮೌನವಾಗಿದೆ. ಪ್ರಶ್ನಿಸಿದವಳ ವಚನವನ್ನು ಪ್ರಶ್ನೆಯಿಲ್ಲದೆ ಬಾಯಿಪಾಠ ಮಾಡಿಸುವುದು ವಚನದ್ರೋಹವಲ್ಲದೆ ಮತ್ತೇನು?